ಶೂ ಡಬ್ಬದಲ್ಲಿದ್ದ ನವೆಂಬರ್

ಆ ದ್ವೀಪವನ್ನು ನಾನು ನೋಡಿಲ್ಲ, ಇನ್ನು ನೋಡುವುದೂ ಇಲ್ಲ. ಆದರೂ ಅಲ್ಲಿನ ಒಂದು ಹಕ್ಕಿಗೆ ನಾನು ಒಳ್ಳೆಯದು ಮಾಡಿದೆನೋ ಕೆಟ್ಟದ್ದು ಮಾಡಿದೆನೋ ಎಂಬುದು ಇವತ್ತಿಗೂ ನನಗೆ ಬಗೆಹರಿದಿಲ್ಲ. ಬರೆದರೆ ಬಗೆಹರಿಯುತ್ತದೆ ಎಂದು ನನ್ನ ಗಂಡ ಹೇಳುತ್ತಾರೆ. ಅವರು ಕಾರಿನ ಬಿಡಿಭಾಗಗಳ ಗುಣಮಟ್ಟ ನೋಡುವ ಇಂಜಿನಿಯರು; ಏನು ಕೆಟ್ಟರೂ ಮೊದಲು ಒಂದು ರಿಪೋರ್ಟು ಬರೆಯಬೇಕು ಅನ್ನುವ ಜಾತಿ. ನೋಡೋಣ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಗಂಡನಿಗೆ ಅಮೆರಿಕದ ಆಬರ್ನ್ ಹಿಲ್ಸ್‌ನಲ್ಲಿ ಕೆಲಸ, ನಮ್ಮ ಅಪಾರ್ಟ್‌ಮೆಂಟು ಟ್ರಾಯ್‌ನಲ್ಲಿ. ದಾವಣಗೆರೆಯಲ್ಲಿ ನಾನು ಪಿಯುಸಿಯವರಿಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಕಪ್ಪೆ ಕೊಯ್ಯುವಾಗ ತಲೆಸುತ್ತಿ ಬೀಳುವವರನ್ನು ಗದರಿಸಿ ಎಬ್ಬಿಸುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಗದರಿಸಲು ಯಾರೂ ಇರಲಿಲ್ಲ. ಗಂಡನ ವೀಸಾದ ಬಾಲ ಹಿಡಿದು ಬಂದ ಹೆಂಡತಿಯರು ಸಂಬಳದ ಕೆಲಸ ಮಾಡುವ ಹಾಗಿರಲಿಲ್ಲ. ಬೆಳಿಗ್ಗೆ ಅವರು ಕಾರು ತೆಗೆದುಕೊಂಡು ಹೋದರೆ ಸಂಜೆಯ ತನಕ ನಾನು ಮನೆಯಲ್ಲೇ ಬಂದಿ. ನಾನು ಮೊದಲೇ ಮುಂಗೋಪಿ. ಆರು ತಿಂಗಳಲ್ಲಿ ಮನೆಯ ಪಾತ್ರೆಗಳಿಗೆಲ್ಲ ನನ್ನ ಕೈಯ ಬಿಸಿ ಚೆನ್ನಾಗಿ ಗೊತ್ತಾಯಿತು.

ಮಗಳನ್ನು ಸ್ಕೂಲಿಗೆ ಸೇರಿಸುವಾಗ ಒಂದು ಎಡವಟ್ಟಾಯಿತು. ಅವಳು ಹುಟ್ಟಿದ್ದು ಆಗಸ್ಟಿನಲ್ಲಿ. ಒಂದು ವರ್ಷ ತುಂಬಿದ ಮೇಲೆ, ಸೆಪ್ಟೆಂಬರ್ ನಾಲ್ಕಕ್ಕೆ, ದಡಾರದ ಚುಚ್ಚುಮದ್ದು ಹಾಕಿಸಿದ್ದೆವು. ಊರಿನ ಡಾಕ್ಟರು ಕಾರ್ಡಿನ ಮೇಲೆ 4/9 ಎಂದು ಬರೆದಿದ್ದರು. ಸ್ಕೂಲಿನ ನರ್ಸು ಅದನ್ನು ಏಪ್ರಿಲ್ ಒಂಬತ್ತು ಎಂದು ಓದಿದಳು. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ವರ್ಷ ತುಂಬುವ ಮೊದಲೇ ಹಾಕಿಸಿದ್ದೀರಿ, ಅದು ಲೆಕ್ಕಕ್ಕಿಲ್ಲ, ಇನ್ನೊಮ್ಮೆ ಹಾಕಿಸಿ ಅಂದಳು. ನಾನು ಎಷ್ಟು ವಿವರಿಸಿದರೂ ನಗುನಗುತ್ತಾ ಕಾರ್ಡನ್ನೇ ತೋರಿಸಿದಳು. ನನಗೆ ತಲೆ ಕೆಟ್ಟುಹೋಯಿತು. ಮಗಳು ಮತ್ತೆ ಚುಚ್ಚಿಸಿಕೊಂಡು ಅತ್ತಳು, ಮಲಗುವ ತನಕ ನನ್ನ ಮುಖ ನೋಡಲಿಲ್ಲ. ಅವತ್ತೇ ನಿಶ್ಚಯಿಸಿದೆ, ಇನ್ನು ಮೇಲೆ ನನ್ನ ಕೈಯಲ್ಲಿ ತಿಂಗಳು ಮೊದಲು ಬರದೇ ಇದ್ದರೆ ಕೇಳಿ ಎಂದು. ಹಾಲಿನ ಕ್ಯಾನಿನಿಂದ ಹಿಡಿದು ಊರಿಗೆ ಬರೆಯುವ ಪತ್ರದವರೆಗೆ ಎಲ್ಲವನ್ನೂ ಅಮೆರಿಕದ ಲೆಕ್ಕಕ್ಕೆ ತಂದೆ. ಅಪ್ಪ ಒಮ್ಮೆ ಫೋನಿನಲ್ಲಿ, “ಏನಮ್ಮಾ, ಹದಿಮೂರನೇ ತಿಂಗಳಲ್ಲಿ ಪತ್ರ ಬರ್ದಿದೀಯಲ್ಲ” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಶನಿವಾರ ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್ ಊಟಗಳಲ್ಲಿ ಆಗ ಗಂಡಸರಿಗೆ ಮಾತಾಡಲು ಇದ್ದದ್ದು ಒಂದೇ ವಿಷಯ: ಎರಡು ಸಾವಿರದ ಇಸವಿ ಬಂದಾಗ ಕಂಪ್ಯೂಟರುಗಳು ತಾರೀಖು ತಪ್ಪಿ ಏನೇನು ಅನಾಹುತ ಮಾಡುತ್ತವೆ ಎಂಬುದು. ಅರ್ಧ ಜನ ಅದನ್ನು ಸರಿಮಾಡಲೆಂದೇ ಈ ದೇಶಕ್ಕೆ ಬಂದವರು. ಹೆಂಗಸರು ಅಡುಗೆಮನೆಯಲ್ಲಿ ಬಿಸಿಬೇಳೆಬಾತಿಗೆ ಬೂಂದಿ ಉದುರಿಸುತ್ತಾ ಬೇರೆ ಲೋಕದಲ್ಲಿರುತ್ತಿದ್ದೆವು. ಅಲ್ಲಿ ಒಬ್ಬರು ಆಂಟಿ ನನ್ನ ಮುಖ ನೋಡಿ, “ಮನೇಲಿ ಕೂತು ಕೊಳೀಬೇಡಮ್ಮ. ವಾಲಂಟಿಯರ್ ಮಾಡು. ಸಂಬಳ ತಗೊಳ್ದಿದ್ರೆ ವೀಸಾದೋರು ಏನೂ ಅನ್ನಲ್ಲ” ಎಂದು ಒಂದು ಚೀಟಿ ಕೊಟ್ಟರು. ಸೌತ್‌ಫೀಲ್ಡ್‌ನಲ್ಲಿ ಹಕ್ಕಿಗಳ ಹಳೇ ಕಾಗದಪತ್ರ ಇಟ್ಟಿರುವ ಒಂದು ಸಣ್ಣ ಸಂಸ್ಥೆ, ಕಂಪ್ಯೂಟರಿಗೆ ಮಾಹಿತಿ ತುಂಬುವವರು ಬೇಕಂತೆ. ಹಕ್ಕಿಯೆಂದರೆ ನನಗೆ ಕಾಗೆ, ಗುಬ್ಬಿ, ಗಿಳಿ, ಕೋಳಿ. ಆದರೂ ಡ್ರೈವಿಂಗ್ ಟೆಸ್ಟ್ ಪಾಸು ಮಾಡಿ, ಒಂದು ಹಳೇ ಕಾರು ಹಿಡಿದು, ವಾರಕ್ಕೆ ಮೂರು ದಿನ ಹೋಗತೊಡಗಿದೆ.

ಆಫೀಸಿನ ಗಾಜಿನ ಗೋಪುರಗಳ ಹಿಂದೆ ಒಂದು ಇಟ್ಟಿಗೆ ಕಟ್ಟಡ, ಅದರ ನೆಲಮಾಳಿಗೆ, ಗೋಡೆಯುದ್ದಕ್ಕೂ ಮರದ ಡ್ರಾಯರುಗಳು. ಅವುಗಳ ಒಡತಿ ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಟೀಚರು. ಮನೆಯಲ್ಲಿ ನಾನು ಅವರನ್ನು ಕಾರ್ಡಜ್ಜಿ ಅನ್ನುತ್ತಿದ್ದೆ. ಹಿಂದಿನ ಕಾಲದಲ್ಲಿ ಅಂಚೆಚೀಟಿ ಕೂಡಿಡುವಂತೆ ಹಕ್ಕಿಯ ಮೊಟ್ಟೆ ಕೂಡಿಡುವ ಹುಚ್ಚು ದೊರೆಗಳಿದ್ದರಂತೆ. ಪ್ರತಿ ಮೊಟ್ಟೆಗೂ ಒಂದು ಕಾರ್ಡು: ಯಾವ ಹಕ್ಕಿ, ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು. ಮೊಟ್ಟೆಗಳು ಎಲ್ಲೆಲ್ಲೋ ಹೋದವು, ಕಾರ್ಡುಗಳು ಇಲ್ಲಿ ಉಳಿದವು. ಅವುಗಳನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಕಾರ್ಡಜ್ಜಿ ಹೇಳಿದ್ದನ್ನೆಲ್ಲ ನಾನು ಕನ್ನಡದಲ್ಲೇ ನೆನಪಿಟ್ಟುಕೊಂಡಿದ್ದೇನೆ, ಹಾಗೆಯೇ ಬರೆಯುತ್ತೇನೆ. “ಅನುಮಾನ ಬಂದ ಕಾರ್ಡನ್ನು ಈ ಡಬ್ಬಕ್ಕೆ ಹಾಕು, ನಾನು ನೋಡುತ್ತೇನೆ” ಎಂದು ಒಂದು ಶೂ ಡಬ್ಬ ಕೊಟ್ಟರು. ಆಮೇಲೆ ಅವರ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಡಬ್ಬ ತುಂಬುತ್ತಾ ಹೋಯಿತು.

ನನ್ನನ್ನು ಹಕ್ಕಿ ನೋಡಲೂ ಕರೆದುಕೊಂಡು ಹೋಗುತ್ತಿದ್ದರು. ಮೇ ತಿಂಗಳ ಬೆಳಗಿನ ಚಳಿಯಲ್ಲಿ, ಕೆರೆಯ ದಂಡೆಯ ಮರಗಳ ಕೆಳಗೆ, ಹತ್ತು ಜನ ಮುದುಕರು ಬಾಯಿ ತೆರೆದುಕೊಂಡು ಮೇಲೆ ನೋಡುತ್ತಾ ನಿಲ್ಲುವುದು. “ಅಗೋ, ಆ ಕೊಂಬೆಯ ಎಡಕ್ಕೆ” ಎಂದು ಯಾರೋ ಪಿಸುಗುಟ್ಟಿದರೆ ನಾನು ದುರ್ಬೀನಿನಲ್ಲಿ ಎರಡು ಕಣ್ಣಿಗೂ ಎರಡು ಕತ್ತಲೆ ನೋಡುತ್ತಿದ್ದೆ. ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಕಂಡೆ ಕಂಡೆ ಎಂದು ಸುಳ್ಳು ಹೇಳುತ್ತಿದ್ದೆ. ಒಮ್ಮೆ ಕಾರ್ಡಜ್ಜಿ, ಇಷ್ಟು ಹಕ್ಕಿ ಎದುರಿಗಿದ್ದರೂ ತಮಗೆ ಆ ದ್ವೀಪದ ಹಕ್ಕಿಯದೇ ಚಿಂತೆ ಅಂದರು. “ಈ ಹಕ್ಕಿಗೆ ಇಲ್ಲಿ ಕಷ್ಟವಾದರೆ ಇನ್ನೊಂದು ಕಾಡಿಗೆ ಹೋಗುತ್ತದೆ. ಆ ದ್ವೀಪದ ಹಕ್ಕಿಗೆ ಮೊಟ್ಟೆ ಇಡಲು ಇರುವುದು ಅದೊಂದೇ ನೆಲ.”

ಹೀಗೆ ನನಗೆ ಆ ಹಕ್ಕಿಯ ಕಥೆ ಗೊತ್ತಾಯಿತು. ಶಾಂತಸಾಗರದ ನಡುವೆ, ಎಲ್ಲ ಕಡೆಯಿಂದಲೂ ದೂರದಲ್ಲಿರುವ ಒಂದು ಬಿಸಿಲು ದ್ವೀಪ. ಒಂದು ಕಾಲಕ್ಕೆ ಅಲ್ಲಿ ತೆಂಗಿನ ತೋಟ, ಸಣ್ಣ ಚರ್ಚು ಇದ್ದವಂತೆ, ಈಗ ಮನುಷ್ಯರಿಲ್ಲ. ಹಕ್ಕಿ ಕಡಲಿನದು. ವರ್ಷಕ್ಕೊಮ್ಮೆ ದ್ವೀಪಕ್ಕೆ ಬಂದು, ಮೆತ್ತನೆಯ ಮಣ್ಣಿನಲ್ಲಿ ಬಿಲ ತೋಡಿ, ಒಂದೇ ಒಂದು ಮೊಟ್ಟೆ ಇಡುತ್ತದೆ. ಅದು ಒಡೆದರೆ ಆ ವರ್ಷ ಮುಗಿಯಿತು. ಹಡಗುಗಳ ಜೊತೆ ಬಂದ ಇಲಿಗಳು ದ್ವೀಪವನ್ನೆಲ್ಲ ಆಕ್ರಮಿಸಿ ಮೊಟ್ಟೆ ತಿನ್ನುತ್ತಿದ್ದವು. ಶಿಕಾಗೋದ ಒಂದು ಚಿಕ್ಕ ಗುಂಪು ಅಲ್ಲಿಗೆ ಹೋಗಿ, ಇಡೀ ದ್ವೀಪವನ್ನು ಸಾಲುಸಾಲಾಗಿ ನಡೆದು, ಇಲಿಪಾಷಾಣ ಇಡಬೇಕೆಂದಿತ್ತು. ತೊಡಕು ಏನೆಂದರೆ, ಹಕ್ಕಿ ಬಿಲದಲ್ಲಿರುವಾಗ ಜನ ನಡೆದರೆ ನೆಲ ಕುಸಿದು ಬಿಲ ಮುಚ್ಚಿಹೋಗುತ್ತದೆ. ಆದ್ದರಿಂದ ಹಕ್ಕಿ ಮೊಟ್ಟೆ ಇಡುವ ತಿಂಗಳು ಯಾವುದೆಂದು ಮೊದಲು ಗೊತ್ತಾಗಬೇಕು. ವರ್ಷವಿಡೀ ಅಲ್ಲಿ ಇದ್ದು ನೋಡಿದವರಿಲ್ಲ. ಹಳೇ ಕಾರ್ಡುಗಳೇ ಗತಿ, ಕಾರ್ಡುಗಳಿಗೆ ನಾನೇ ಗತಿ.

ನಾನು ಆ ಡ್ರಾಯರನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮುಗಿಸಿದೆ. ಹೆಚ್ಚಿನ ಕಾರ್ಡು ನೀಲಿ ಶಾಯಿಯ, ಬಲಕ್ಕೆ ವಾಲಿದ ಒಂದೇ ಕೈಬರಹದವು. ಆ ಚರ್ಚಿನ ಜೊತೆ ಇದ್ದ ಒಬ್ಬ ಬ್ರಿಟಿಷ್ ಡಾಕ್ಟರು ಬರೆದವು, ಉಳಿದವು ಆಗೀಗ ಬಂದುಹೋದ ಅಮೆರಿಕದ ಹಡಗಿನವರದು ಎಂದು ಕಾರ್ಡಜ್ಜಿ ಹೇಳಿದ್ದರು. ಅದನ್ನು ಕೇಳಿಯೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. 8/11 ಎಂದಿದ್ದರೆ ಆಗಸ್ಟ್ ಹನ್ನೊಂದು ಎಂದು ಹೊಡೆದೆ. 3/10 ಎಂದಿದ್ದರೆ ಮಾರ್ಚ್ ಹತ್ತು. ಎಷ್ಟು ಕಷ್ಟಪಟ್ಟು ಕಲಿತದ್ದು ಅದು. ನಡುನಡುವೆ 23/10, 17/11 ಎಂಥವು ಬಂದರೆ, ಇಪ್ಪತ್ತಮೂರನೇ ತಿಂಗಳು ಎಲ್ಲಿಂದ ಬರಬೇಕು, ಪಾಪ, ಬರೆದವರಿಗೆ ಮರೆವು ಎಂದುಕೊಂಡು ಶೂ ಡಬ್ಬಕ್ಕೆ ಹಾಕಿದೆ.

ಬೇಸಿಗೆಯ ಕೊನೆಗೆ ಶಿಕಾಗೋದಲ್ಲಿ ಸಭೆ. ಗಂಡ, ಮಗಳು, ನಾನು, ಹಿಂದಿನ ಸೀಟಿನಲ್ಲಿ ಕಾರ್ಡಜ್ಜಿ, ಐದು ಗಂಟೆ ಡ್ರೈವ್. ಮಾಡಿಕೊಂಡು ಹೋಗಿದ್ದ ಪುಳಿಯೋಗರೆಯನ್ನು ಅವರು ಎರಡು ಸಲ ಹಾಕಿಸಿಕೊಂಡರು. ದ್ವೀಪಕ್ಕೆ ಹೋಗುವ ತಂಡದ ಮುಖ್ಯಸ್ಥ ಬಿಸಿಲಿಗೆ ಸುಟ್ಟ ಮುಖದ, ಎತ್ತರದ ಮನುಷ್ಯ. ಅವರನ್ನು ಶಿಕಾಗೋದವರು ಎಂದೇ ಕರೆಯುತ್ತೇನೆ. ಅವರು ಪರದೆಯ ಮೇಲೆ ನನ್ನ ಗ್ರಾಫು ತೋರಿಸಿದರು. ಹನ್ನೆರಡು ತಿಂಗಳಿಗೆ ಹನ್ನೆರಡು ಕಂಬ, ಎಲ್ಲವೂ ಹೆಚ್ಚುಕಡಿಮೆ ಒಂದೇ ಎತ್ತರ. ಅಕ್ಟೋಬರ್, ನವೆಂಬರ್ ಮಾತ್ರ ಒಂದು ಚೂರು ಮೇಲೆ. “ಆ ತಿಂಗಳುಗಳಲ್ಲಿ ಅಮೆರಿಕದ ಹಡಗುಗಳು ಹೆಚ್ಚು ಹೋಗಿರಬೇಕು, ಅದಕ್ಕೆ ಮೊಟ್ಟೆ ಹೆಚ್ಚು ಸಿಕ್ಕಿವೆ” ಅಂದರು. ಉಷ್ಣವಲಯದ ಹಕ್ಕಿ, ಚಳಿಯಿಲ್ಲ, ವರ್ಷವಿಡೀ ಇಡುತ್ತದೆ, ಯಾವ ತಿಂಗಳು ಹೋದರೂ ಒಂದೇ. ಹಡಗು ಸಿಗುವುದು ನವೆಂಬರಿನಲ್ಲಿ, ನವೆಂಬರಿನಲ್ಲೇ ಹೋಗೋಣ ಎಂದು ತೀರ್ಮಾನಿಸಿದರು. ಕೊನೆಗೆ ನನ್ನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಈ ದೇಶದಲ್ಲಿ ನನಗೆ ಯಾರಾದರೂ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ಬರುವಾಗ ದಾರಿಯುದ್ದಕ್ಕೂ ನಾನೇ ಮಾತಾಡಿದೆ. ನನ್ನ ಗಂಡ, “ಆಯ್ತು ತಾಯಿ, ನಿನ್ನಿಂದಲೇ ಹಕ್ಕಿ ಬದುಕ್ತು, ಈಗ ಎಕ್ಸಿಟ್ ಎಷ್ಟು ಅಂತ ನೋಡು” ಅಂದರು.

ತಂಡ ಹೊರಟಿತು. ವಿಮಾನದಲ್ಲಿ ಒಂದು ಬಂದರಿಗೆ, ಅಲ್ಲಿಂದ ಒಂದು ವಾರಕ್ಕಿಂತ ಹೆಚ್ಚು ಹಡಗಿನಲ್ಲಿ. ಹಡಗು ಬಂದರು ಬಿಟ್ಟಿತೆಂದು ಸುದ್ದಿ ಬಂದ ದಿನ ಕಾರ್ಡಜ್ಜಿ ಖುಷಿಯಾಗಿದ್ದರು. ಕಣ್ಣೂ ಚೆನ್ನಾಗಿ ಕಾಣತೊಡಗಿತ್ತು. “ಇನ್ನು ನಿನ್ನ ಡಬ್ಬ ನೋಡಬೇಕು, ಒಂದೊಂದು ಡ್ರಾಯರಿನದು ಬೇರೆ ಮಾಡಿಡು” ಎಂದು ಹೇಳಿ ಊಟಕ್ಕೆ ಹೋದರು. ನಾನು ದ್ವೀಪದ ಹಕ್ಕಿಯ ಕಾರ್ಡುಗಳನ್ನು ಆರಿಸಿ ಮೇಜಿನ ಮೇಲೆ ಹರಡಿದೆ. ಹನ್ನೊಂದು, ಹತ್ತು, ಹತ್ತು, ಹನ್ನೊಂದು, ಹನ್ನೊಂದು. ಎರಡನೆಯ ಅಂಕಿ ಎಲ್ಲದರಲ್ಲೂ ಇವೆರಡರಲ್ಲಿ ಒಂದು. ಎಲ್ಲವೂ ಅದೇ ನೀಲಿ ಶಾಯಿ.

ಒಬ್ಬ ಮನುಷ್ಯನಿಗೆ ಇಷ್ಟು ಸಲ ಒಂದೇ ಥರದ ಮರೆವು ಬರುತ್ತದೆಯೇ ಎಂದುಕೊಂಡೆ. ಆಮೇಲೆ ಹೊಳೆಯಿತು. ಆತನಿಗೆ ಮರೆವೇ ಇರಲಿಲ್ಲ. ನನ್ನ ಊರಿನ ಡಾಕ್ಟರ ಹಾಗೆ ದಿನ ಮೊದಲು ಬರೆದಿದ್ದ, ಅಷ್ಟೇ. 8/11 ಆಗಸ್ಟ್ ಅಲ್ಲ, ನವೆಂಬರ್ ಎಂಟು. ನಾನು ದಿನಗಳನ್ನು ತಿಂಗಳು ಮಾಡಿ ಹನ್ನೆರಡು ಕಂಬಗಳಿಗೂ ಸಮನಾಗಿ ಹಂಚಿಬಿಟ್ಟಿದ್ದೆ, ನಿಜವಾದ ನವೆಂಬರನ್ನು ಡಬ್ಬದಲ್ಲಿ ಮುಚ್ಚಿಟ್ಟಿದ್ದೆ. ಹಕ್ಕಿ ಮೊಟ್ಟೆ ಇಡುವ ತಿಂಗಳಿಗೇ ಸರಿಯಾಗಿ ಆ ಜನ ಅಲ್ಲಿ ನಡೆಯಲು ಹೊರಟಿದ್ದರು.

ಕಾರ್ಡಜ್ಜಿ ಊಟ ಮುಗಿಸಿ ಬಂದಾಗ ನಾನು ಕಾರ್ಡುಗಳನ್ನು ಡಬ್ಬಕ್ಕೆ ತುಂಬಿ, ತಲೆನೋವು ಎಂದು ಹೇಳಿ ಮನೆಗೆ ಬಂದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಡಬ್ಬವನ್ನು ಕೋಟಿನೊಳಗೆ ಇಟ್ಟುಕೊಂಡು ತಂದಿದ್ದೆ.

ಗಂಡನಿಗೆ ಹೇಳಿದೆ. ಅವರು ಅಡುಗೆಮನೆಯ ಮೇಜಿನ ಮೇಲೆ ಕಾರ್ಡುಗಳನ್ನು ಸಾಲಾಗಿ ಇಟ್ಟು ನೋಡಿದರು.

“ಡೇಟ್ ತಿರುಗಿಸಿದ್ದೀಯ ಅಂತಾನೇ ಇಟ್ಕೊಳ್ಳೋಣ. ಈ ಡಬ್ಬದಲ್ಲಿರೋದು ಸರಿ, ಇವು ದಿನ ಮೊದ್ಲು. ಆದ್ರೆ ಮಿಕ್ಕಿದ್ದೆಲ್ಲಾನೂ ಅವನು ಹಂಗೇ ಬರ್ದಿದ್ದಾನೆ ಅಂತ ಹೇಗೆ ಹೇಳ್ತೀಯ?”

“ಒಬ್ಬನೇ ಮನುಷ್ಯ ಕಣ್ರೀ. ಒಂದೇ ಕೈಬರಹ.”

“ನೀನೂ ಒಬ್ಳೇ ಮನುಷ್ಯೆ. ಹೋದ್ವರ್ಷದ ತನಕ ಒಂದು ಥರ ಬರೀತಿದ್ದೆ, ಈಗ ಇನ್ನೊಂದು ಥರ. ಅವನೂ ಅಮೆರಿಕದ ಹಡಗಿನವರ ಜೊತೆ ಸೇರಿ ಬದಲಾಯಿಸಿದ್ರೆ?”

ನನಗೆ ಅವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು, ಯಾಕೆಂದರೆ ಅವರು ಹೇಳಿದ್ದು ನಿಜವಾಗಿದ್ದರೂ ಇರಬಹುದಿತ್ತು.

“ಹಾಗಾದ್ರೆ ಬಾಯಿ ಮುಚ್ಕೊಂಡು ಇರ್ಲಾ?”

“ಹಾಗಂದ್ನಾ ನಾನು? ನಮ್ಮ ಪ್ಲಾಂಟಲ್ಲಿ ಲೈನ್ ನಿಲ್ಲಿಸೋ ಹಗ್ಗ ಯಾರು ಬೇಕಾದ್ರೂ ಎಳೀಬಹುದು ಕಣೇ. ಎಳೆದ ಮೇಲೆ ಯಾಕೆ ಅಂತ ಕೇಳ್ತಾರೆ. ಅದನ್ನ ಹೇಳಕ್ಕೆ ಬರ್ಬೇಕು ಅಷ್ಟೇ. ವರ್ಷಗಟ್ಟಲೆ ಕಾದು ಹಡಗು ಸಿಕ್ಕಿದೆ ಅವರಿಗೆ. ವಾಪಸ್ ಬನ್ನಿ ಅಂದ್ಮೇಲೆ ಇಲ್ಲ ಇಲ್ಲ, ಮೊದ್ಲಿಂದೇ ಸರಿಯಿತ್ತು ಅಂದ್ರೆ?”

ಈಗ ಯೋಚಿಸಿದರೆ ಆಗಲೇ ಫೋನು ಎತ್ತಬೇಕಿತ್ತು. ಆದರೆ ನನ್ನ ತಲೆಯಲ್ಲಿ ಇದ್ದದ್ದು ಆ ನರ್ಸಿನ ನಗು. ಇನ್ನೊಮ್ಮೆ ಯಾರ ಮುಂದೆಯೂ ತಪ್ಪು ತಾರೀಖು ಹಿಡಿದುಕೊಂಡು ನಿಲ್ಲಲಾರೆ ಅನ್ನಿಸಿತ್ತು. ಖಾತ್ರಿ ಮಾಡಿಕೊಂಡು ಹೇಳುತ್ತೇನೆ ಎಂದುಕೊಂಡೆ. ಹಡಗು ದ್ವೀಪ ಮುಟ್ಟಲು ಇನ್ನೂ ಒಂದು ವಾರವಿತ್ತಲ್ಲ.

ಖಾತ್ರಿಗೆ ಒಂದು ದಾರಿ ಹೊಳೆಯಿತು. ಕೆಲವು ಕಾರ್ಡುಗಳ ಹಿಂದೆ ಆತ “ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ತಂದದ್ದು” ಎಂದು ಬರೆದಿದ್ದ. ಅಂಥ ಕಾರ್ಡಿನ ತಾರೀಖನ್ನು ಎರಡು ಥರವೂ ಓದಿ, ಹಳೇ ಕ್ಯಾಲೆಂಡರು ತೆಗೆದು, ಯಾವ ಓದಿಗೆ ಭಾನುವಾರ ಬರುತ್ತದೆ ನೋಡಿದರಾಯಿತು. ಮಾರನೆಯ ದಿನ ಸೌತ್‌ಫೀಲ್ಡಿಗೆ ಹೋಗಿ ಅಂಥವನ್ನೆಲ್ಲ ಹುಡುಕಿ ಬರೆದುಕೊಂಡೆ, ಸಿಕ್ಕಿದ್ದು ಆರು. ಆ ಮೇಲೆ ಮಗಳಿಗೆ ಜ್ವರ, ಎರಡು ದಿನ ಹೋಯಿತು. ಮತ್ತೆ ಟ್ರಾಯ್ ಲೈಬ್ರರಿಯಲ್ಲಿ ಕೂತೆ. ಮೊದಲ ಕಾರ್ಡು ನವೆಂಬರಿನ ಓದಿಗೆ ಭಾನುವಾರ. ಸರಿ. ಎರಡನೆಯದು ಎರಡೂ ಓದಿಗೆ ಭಾನುವಾರ. ಮೂರನೆಯದು ಅಕ್ಟೋಬರಿಗೆ ಸರಿಹೊಂದಿತು. ನಾಲ್ಕನೆಯದು ಯಾವ ಓದಿಗೂ ಭಾನುವಾರವಲ್ಲ, ಒಂದಕ್ಕೆ ಮಂಗಳವಾರ, ಇನ್ನೊಂದಕ್ಕೆ ಶನಿವಾರ. ನನಗೆ ಅಳು ಬಂತು. ಸತ್ತು ಹೋದ ಆ ಡಾಕ್ಟರನ್ನು ಬಾಯಿಗೆ ಬಂದಂತೆ ಬೈದೆ. ನಾನೇ ವರ್ಷ ತಪ್ಪು ಓದಿರಬೇಕು ಎಂದು ಮತ್ತೆ ಸೌತ್‌ಫೀಲ್ಡಿಗೆ ಹೋಗಿ ಕಾರ್ಡು ನೋಡಿದೆ. ಇಸವಿಯ ಕೊನೆಯ ಅಂಕಿ ಒಂದೋ ಏಳೋ ತಿಳಿಯಲಿಲ್ಲ. ಏಳೆಂದುಕೊಂಡರೆ ನವೆಂಬರಿಗೆ ಭಾನುವಾರ ಬಂತು. ಉಳಿದ ಎರಡೂ ಹೊಂದಿದವು. ಅಷ್ಟರಲ್ಲಿ ಒಂದು ವಾರ ಆಗಿತ್ತು.

ಆ ವಾರವೆಲ್ಲ ಕಾರ್ಡಜ್ಜಿಯ ಎದುರಿಗೇ ಕೂತು ಕೆಲಸ ಮಾಡುತ್ತಿದ್ದೆ. ಡಬ್ಬ ಎಲ್ಲಿ ಎಂದು ಕೇಳಿದಾಗ, ವಿಂಗಡಿಸುತ್ತಿದ್ದೇನೆ ಅಂದೆ. ಸುಳ್ಳೇನೂ ಅಲ್ಲ. ಆದರೆ ಅವರು ನನ್ನ ಹೆಗಲು ತಟ್ಟಿ ಹೋದಾಗ ತಲೆ ಎತ್ತದೆ ಇನ್ನೊಂದು ಕಾರ್ಡು ಎಳೆದುಕೊಳ್ಳುತ್ತಿದ್ದೆ.

ಒಂದು ಗುರುವಾರ ಬೆಳಿಗ್ಗೆ ಡಬ್ಬವನ್ನು ಅವರ ಮುಂದೆ ಇಟ್ಟು ಎಲ್ಲವನ್ನೂ ಹೇಳಿದೆ. ಅವರು ಎರಡು ಕಾರ್ಡು ನೋಡಿದರು, ಮೂರನೆಯದನ್ನು ನೋಡಲಿಲ್ಲ. ನೇರ ಫೋನಿಗೆ ಹೋದರು. ಶಿಕಾಗೋಗೆ, ಅಲ್ಲಿಂದ ಬಂದರಿನ ಹಡಗು ಆಫೀಸಿಗೆ, ಅಲ್ಲಿಂದ ರೇಡಿಯೋದಲ್ಲಿ ಹಡಗಿಗೆ. ಅವರು ನನಗೆ ಬೈಯಲಿಲ್ಲ. ಫೋನು ಇಟ್ಟು ಕೇಳಿದ್ದು ಒಂದೇ ಮಾತು. “ಇದು ನಿನಗೆ ಯಾವತ್ತು ಗೊತ್ತಾಯಿತು?”

ನಾನು ದಿನ ಹೇಳಿದೆ. ಅವರು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು.

ತಂಡ ಹಿಂದಿನ ದಿನವೇ ದ್ವೀಪಕ್ಕೆ ಇಳಿದಿತ್ತು. ಒಂದು ಹಗಲು ಪೂರ್ತಿ ನಡೆದಿದ್ದರು. ನಾನು ಎರಡು ದಿನ ಮೊದಲು ಹೇಳಿದ್ದರೆ ಒಂದು ಹೆಜ್ಜೆಯೂ ಇಡುತ್ತಿರಲಿಲ್ಲ.

ಅವರು ವಾಪಸ್ ಬಂದರು, ಪಾಷಾಣದ ಚೀಲಗಳ ಸಮೇತ. ಇಲಿಗಳು ಅಲ್ಲೇ ಉಳಿದವು. ಮುಂದಿನ ಹಡಗು ಹೊಂದಿಸಿಕೊಳ್ಳಲು ಮೂರು ವರ್ಷ ಬೇಕಾಯಿತು. ಆಗ ಸರಿಯಾದ ತಿಂಗಳು ನೋಡಿ ಹೋಗಿ ಕೆಲಸ ಮುಗಿಸಿದರು. ಈಗ ಅಲ್ಲಿ ಇಲಿ ಇಲ್ಲವಂತೆ. ನಡುವಿನ ಮೂರು ವರ್ಷಗಳ ಮೊಟ್ಟೆಗಳನ್ನು ಮಾತ್ರ ಇಲಿಗಳೇ ತಿಂದಿರಬೇಕು.

ನನಗೆ ಬಗೆಹರಿಯದೆ ಇರುವುದು ಇದೇ. ನಾನು ಸುಮ್ಮನಿದ್ದಿದ್ದರೆ ಅವರು ಆ ನವೆಂಬರಿನಲ್ಲೇ ದ್ವೀಪವನ್ನೆಲ್ಲ ತುಳಿದು ಇಲಿಗಳನ್ನು ಮುಗಿಸಿ ಬರುತ್ತಿದ್ದರು. ಒಂದು ವರ್ಷದ ಮೊಟ್ಟೆ ಹೋಗುತ್ತಿತ್ತು, ಮೂರು ವರ್ಷದ್ದು ಉಳಿಯುತ್ತಿತ್ತೇ? ಬಿಲದಲ್ಲಿ ಕೂತ ತಾಯಿಹಕ್ಕಿಗಳೂ ಮಣ್ಣಿನಡಿ ಸಾಯುತ್ತಿದ್ದವು, ಹಾಗಾದರೆ ಉಳಿಯುತ್ತಿರಲಿಲ್ಲವೇ? ಮೊದಲೇ ಹೇಳಿದ್ದರೆ, ಹೇಳದೇ ಇದ್ದಿದ್ದರೆ, ತಡವಾಗಿ ಹೇಳಿದ್ದರಿಂದ ಎಂದು ಎಷ್ಟು ಸಲ ಕೂಡಿ ಕಳೆದರೂ ಒಂದೊಂದು ಸಲ ಒಂದೊಂದು ಉತ್ತರ ಬರುತ್ತದೆ. ಮಗಳು ಕಾಲೇಜಿಗೆ ಹೋದ ಮೇಲೆ ಒಮ್ಮೆ ಕೇಳಿಸಿಕೊಂಡು, “ಅಮ್ಮಾ, ಇಟ್ ವಾಸ್ ಎ ಟೈಪೋ. ಲೆಟ್ ಇಟ್ ಗೋ” ಅಂದಳು. ಅವಳ ತೋಳಿಗೆ ಎರಡು ಸಲ ಚುಚ್ಚಿದ್ದು ಅವಳಿಗೆ ನೆನಪೇ ಇಲ್ಲ.

ತಂಡ ಮರಳಿದ ಮೇಲಿನ ಜನವರಿಯ ಒಂದು ಮಧ್ಯಾಹ್ನವನ್ನು ಹೇಳದೆ ಬಿಟ್ಟಿದ್ದೇನೆ. ಹೇಳಲು ಕಷ್ಟವೆಂದು ಮುಂದೂಡುತ್ತಾ ಬಂದೆ.

ಹೊರಗೆ ಮೊಣಕಾಲುದ್ದ ಹಿಮ. ಶಿಕಾಗೋದವರು ಒಬ್ಬರೇ ಡ್ರೈವ್ ಮಾಡಿಕೊಂಡು ನೆಲಮಾಳಿಗೆಗೆ ಬಂದರು. ನಾನು ಎದ್ದು ನಿಂತೆ, ಕುರ್ಚಿಯ ಬೆನ್ನು ಹಿಡಿದುಕೊಂಡೆ. ಬೈದುಬಿಡಲಿ, ಮುಗಿದುಹೋಗಲಿ ಎಂದು ಕಾಯುತ್ತಿದ್ದೆ. ಅವರು ಬೈಯಲಿಲ್ಲ. ಕೋಟು ಬಿಚ್ಚಿ ಕೂತು, ಆ ದಿನ ಏನಾಯಿತೆಂದು ನಿಧಾನವಾಗಿ ಹೇಳಿದರು. ಹಕ್ಕಿಗಳು ಹಗಲು ಹೊರಗೆ ಕಾಣಿಸುವುದಿಲ್ಲ. ನೆಲದ ತುಂಬ ಹುಲ್ಲು, ಹುಲ್ಲಿನ ಕೆಳಗೆ ಬಿಲಗಳ ಬಾಯಿ. ಸಾಲು ಹಿಡಿದು ನಡೆಯತೊಡಗಿದಾಗಲೇ ನೆಲ ಕಾಲಡಿ ಕುಸಿಯುತ್ತಿತ್ತು. ಒಂದು ಕಡೆ ಅವರ ಬೂಟು ಮೊಣಕಾಲಿನ ತನಕ ಇಳಿಯಿತು, ಕೆಳಗೆ ಏನೋ ಒಡೆದದ್ದು ತಿಳಿಯಿತು. ವರ್ಷವಿಡೀ ಇಡುವ ಹಕ್ಕಿಯಲ್ಲವೇ, ಅಲ್ಲೊಂದು ಇಲ್ಲೊಂದು ಮೊಟ್ಟೆ ಇದ್ದೇ ಇರುತ್ತದೆ ಎಂದುಕೊಂಡು ಮುಂದೆ ನಡೆದರಂತೆ. ಸಂಜೆಯವರೆಗೂ ಹಾಗೆಯೇ ನಡೆದರಂತೆ. ಅವರ ಕಾಲಿಗೆ ಗೊತ್ತಾಗಿದ್ದನ್ನು ಅವರು ನಂಬಲಿಲ್ಲ, ನನ್ನ ಗ್ರಾಫನ್ನು ನಂಬಿದರು.

“ನಾನು ಹೇಳಲೇಬಾರದಿತ್ತೇ?” ಎಂದು ಕೇಳಿದೆ.

“ಹಡಗಿನಲ್ಲಿ ಬರುವಾಗ ನಾನೂ ದಿನಾ ಅದನ್ನೇ ಕೇಳಿಕೊಂಡೆ. ನನಗೂ ಗೊತ್ತಿಲ್ಲ” ಅಂದರು.

ಆಮೇಲೆ ಜೇಬಿನಿಂದ ಒಂದು ಸಣ್ಣ ಪೆಟ್ಟಿಗೆ ತೆಗೆದರು. ಒಳಗೆ ಹತ್ತಿ, ಹತ್ತಿಯಲ್ಲಿ ಬಿಳಿಯ ಚಿಪ್ಪಿನ ಚೂರುಗಳು. ಒಂದು ಚೂರು ಮಾತ್ರ ದೊಡ್ಡದು, ಮೊಟ್ಟೆಯ ದುಂಡು ಗೊತ್ತಾಗುವಷ್ಟು. ಅವರು ಬೂಟಿನ ಕೆಳಗಿಂದ ಆರಿಸಿದ್ದು. ಅಷ್ಟು ತಿಂಗಳು ಆ ಹಕ್ಕಿಯ ಕಾರ್ಡುಗಳ ಜೊತೆಗಿದ್ದ ನಾನು ಅದರ ಮೊಟ್ಟೆಯನ್ನು ಮೊದಲ ಸಲ ನೋಡುತ್ತಿದ್ದೆ. ಕೋಳಿಮೊಟ್ಟೆಗಿಂತ ಚಿಕ್ಕದು.

ಕಾರ್ಡಜ್ಜಿ ಡ್ರಾಯರಿನಿಂದ ಒಂದು ಖಾಲಿ ಕಾರ್ಡು ತೆಗೆದು ನನ್ನ ಮುಂದೆ ಇಟ್ಟರು. “ನೀನು ಬರೆ” ಅಂದರು. ಹಕ್ಕಿಯ ಹೆಸರು ಬರೆದೆ. ದ್ವೀಪದ ಹೆಸರು ಬರೆದೆ. ಶಿಕಾಗೋದವರು ದಿನ ಹೇಳಿದರು, ತಿಂಗಳನ್ನು ಅಕ್ಷರದಲ್ಲಿ ಬರೆದೆ. ಮೊಟ್ಟೆ ಎಷ್ಟು ಎಂಬಲ್ಲಿ ಒಂದು ಎಂದು ಬರೆದೆ. ಕಾರ್ಡಿನ ಕೆಳಗಿನ ಸಾಲು, ಮೊಟ್ಟೆ ತೆಗೆದವರ ಹೆಸರು. ಅವರು ತಮ್ಮ ಹೆಸರಿನ ಒಂದೊಂದೇ ಅಕ್ಷರ ಹೇಳತೊಡಗಿದರು. ನಾನು ನನ್ನ ಹೆಸರು ಬರೆದೆ.

ಅವರು ಬಗ್ಗಿ ಓದಿದರು. ಕಾರ್ಡಜ್ಜಿ ಇನ್ನೊಂದು ಖಾಲಿ ಕಾರ್ಡಿಗೆ ಕೈ ಹಾಕಿದರು. ಶಿಕಾಗೋದವರು ಬೇಡವೆಂದು ತಲೆಯಾಡಿಸಿ, ನಾನು ಬರೆದ ಕಾರ್ಡನ್ನು ತಾವೇ ತೆಗೆದುಕೊಂಡು ಹೋಗಿ, ನೀಲಿ ಶಾಯಿಯ ಕಾರ್ಡುಗಳ ಹಿಂದೆ ಸೇರಿಸಿ ಡ್ರಾಯರು ಮುಚ್ಚಿದರು.